ಕೂಗಬಾರದ ಕಣಿವೆಯಲ್ಲಿ

ಊರಿಗೆ ವಾಪಸು ಬಂದು ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ದಿನದಿಂದ ಕೇಳುತ್ತಿದ್ದೇನೆ: "ಗೌರಿ ಟೀಚರ್ರು ಅರಬ್ಬರ ದೇಶದಲ್ಲಿ ಮಿಲಿಟರಿಯೋನ ಕೆನ್ನೆಗೆ ಬಾರಿಸಿ ಬಂದ್ರಂತೆ!" ಹೊಸನಗರ ಮುಟ್ಟುವಷ್ಟರಲ್ಲಿ ಒಬ್ಬ ಮಿಲಿಟರಿಯವನು ಇಬ್ಬರಾಗಿದ್ದರು. ತೀರ್ಥಹಳ್ಳಿಯಲ್ಲಿ ದೊಡ್ಡಮ್ಮನ ಮಗಳ ಮನೆಗೆ ಹೋದರೆ ಅಲ್ಲಿ ನಾನು ಬಂದೂಕನ್ನೇ ಕಿತ್ತುಕೊಂಡಿದ್ದೆ. ನಮ್ಮ ಕಡೆ ಸುದ್ದಿಗೆ ಬಸ್ಸು ಬೇಡ. ಅದು ನಡೆದುಕೊಂಡೇ ಹೋಗುತ್ತದೆ, ದಾರಿಯ ಮನೆಮನೆಯಲ್ಲಿ ಉಂಡು ಮೈ ತುಂಬಿಕೊಳ್ಳುತ್ತದೆ.

ನಾನು ಯಾರಿಗೂ ಹೊಡೆದಿಲ್ಲ. ಹೊಡೆಯಬೇಕು ಅನ್ನಿಸಿದ್ದು ಮಾತ್ರ ನಿಜ. ಒಂಟೆ ಹತ್ತಿದ್ರಾ ಅಂತ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ನಾನು ಹೋದ ಕಡೆ ಒಂಟೆ ಇರಲಿಲ್ಲ. ಅಲ್ಲಿದ್ದದ್ದು ಹಿಮ ಹೊತ್ತ ಗುಡ್ಡ, ಗುಡ್ಡದ ತುಂಬ ಬಂದೂಕು, ಮತ್ತೆ ನಮ್ಮಷ್ಟೇ ಹಟಮಾರಿ ಜನ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಆಮೇಲೆ ಯಾರಾದರೂ ಮತ್ತೆ ಕೆನ್ನೆ ವಿಷಯ ಎತ್ತಿದರೆ ಅವರ ಕೆನ್ನೆಗೆ ನಾನು ಜವಾಬ್ದಾರಳಲ್ಲ.

ಹೊರಟದ್ದು

ನಾನು ಹೊಸನಗರ ತಾಲೂಕಿನ ಹಳ್ಳಿ ಶಾಲೆಯೊಂದರ ಟೀಚರು. ಮದುವೆಯಾಗಿಲ್ಲ, ಆಗುವ ವಯಸ್ಸೂ ದಾಟಿದೆ. ನನ್ನ ತಮ್ಮ ನಾಗರಾಜ ಜೋಗದ ಕರೆಂಟಿನ ಮನೆಯಲ್ಲಿ ಕೆಲಸ ಕಲಿತು, ಇರಾಕಿನ ಉತ್ತರದ ಗುಡ್ಡಗಳಲ್ಲಿ ಕಟ್ಟಿದ ಒಂದು ಡ್ಯಾಮಿನ ಪವರ್ ಹೌಸಿಗೆ ನೌಕರಿಗೆ ಹೋದವನು. ಹೆಂಡತಿ ಶಾರದೆಯನ್ನೂ ಕರೆಸಿಕೊಂಡಿದ್ದ. ಅವಳಿಗೆ ದಿನ ತುಂಬುತ್ತಾ ಬಂತು. ಬಾಣಂತನಕ್ಕೆ ಯಾರು ಹೋಗುವುದು?

ಶಾರದೆಯ ತಾಯಿ ಸಮುದ್ರ ದಾಟಲು ಒಪ್ಪಲಿಲ್ಲ. "ವರದಹಳ್ಳಿಗೆ ಹರಕೆ ಹೊತ್ಕಂಡೀನಿ, ಉಳಿದದ್ದು ಸ್ವಾಮಿಗಳು ನೋಡ್ಕಂತಾರೆ" ಅಂದರು.

"ಸ್ವಾಮಿಗಳು ಬಂದು ಮಗೂಗೆ ಎಣ್ಣೆ ತಿಕ್ಕಿ ನೀರು ಹಾಕ್ತಾರಾ?" ಅಂತ ನಾನು ಕೇಳಿದೆ. ಆ ಹೆಂಗಸು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ಊರಲ್ಲಿ ಇನ್ನೊಂದು ಗೊಣಗಾಟ. "ಹೆರದೇ ಇದ್ದೋಳು ಬಾಣಂತನ ಮಾಡ್ತಾಳಂತೆ!" ತಾಯಿ ಗದ್ದೆಗೆ ಹೋದಾಗ ತಮ್ಮ ತಂಗಿಯರನ್ನು ಸೊಂಟದಲ್ಲಿಟ್ಟುಕೊಂಡು ಬೆಳೆಸಿದ್ದು ನಾನು. ಈ ಗೊಣಗುವವರ ಮಕ್ಕಳಿಗೆ ಮೂಗು ಒರೆಸಿ ಅಕ್ಷರ ಕಲಿಸುವವಳೂ ನಾನೇ. ಸಂಬಳವಿಲ್ಲದ ರಜೆ ಬರೆದುಕೊಟ್ಟು, ಬೊಂಬಾಯಿಗೆ ರೈಲು ಹತ್ತಿದೆ.

ಬಸ್ರಾ

ಬೊಂಬಾಯಿಯಿಂದ ಬಸ್ರಾದವರೆಗೆ ಹಡಗು. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ, ಯಾಕೆಂದರೆ ಸಮುದ್ರವನ್ನು ನಾನು ನೋಡಿದ್ದಕ್ಕಿಂತ ಬಕೆಟ್ಟನ್ನು ನೋಡಿದ್ದೇ ಹೆಚ್ಚು.

ಬಸ್ರಾದ ಕಸ್ಟಮ್ಸಿನವನು ನನ್ನ ಟ್ರಂಕು ತೆಗೆಸಿದ. ಮೇಲೆ ಸೀರೆ, ಕೆಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಅದರ ಪಕ್ಕ ಡಬ್ಬಿಯಲ್ಲಿ ಬಾಣಂತಿ ಲೇಹ. ಕಪ್ಪಗೆ, ಅಂಟಂಟಾಗಿ, ಮೂಗಿಗೆ ಹೊಡೆಯುವ ವಾಸನೆ. ಅವನು ಅಫೀಮು ಅಂದುಕೊಂಡ. ಪೆನ್ಸಿಲಿನಲ್ಲಿ ಚುಚ್ಚಿದ, ಮೂಸಿದ, ಇನ್ನಿಬ್ಬರನ್ನು ಕರೆದ. ನಾನು ಇಂಗ್ಲಿಷಿನಲ್ಲಿ ಬೇಬಿ, ಮದರ್, ಮೆಡಿಸಿನ್ ಅಂದೆ. ಅವನು ನನ್ನ ನೆರೆತ ಕೂದಲು ನೋಡಿ ತಲೆಯಾಡಿಸಿದ. ನಂಬಲಿಲ್ಲ. ಕೊನೆಗೆ ನಾನೇ ಒಂದು ಉಂಡೆ ಬಾಯಿಗೆ ಹಾಕಿಕೊಂಡೆ, ಅವನ ಕೈಗೂ ಒಂದು ಕೊಟ್ಟೆ. ತಿಂದ ಮೇಲೆ ಅವನ ಮುಖ ಹೇಗಾಯಿತು ಅಂದರೆ, ಮಗು ಹೆತ್ತವರಿಗೂ ಹಾಗೆ ಆಗುವುದಿಲ್ಲ. ಟ್ರಂಕು ಮುಚ್ಚಿ ಕೈಮುಗಿದು ಕಳಿಸಿದ.

ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಮುದುಕ ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕಹಿ ಕಾಫಿ ಕೊಟ್ಟ. ಕುಡಿದೆ. ಮತ್ತೆ ಹೊಯ್ದ. ಕೊಟ್ಟದ್ದನ್ನು ಬಿಡಬಾರದು ಅಂತ ಅದನ್ನೂ ಕುಡಿದೆ. ಮತ್ತೆ ಹೊಯ್ದ. ಸಾಕು ಅನ್ನುವುದಕ್ಕೆ ಅಲ್ಲಿ ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕಂತೆ. ನನಗೇನು ಗೊತ್ತು? ನಮ್ಮಲ್ಲಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಬಟ್ಟಲಿಗೆ ಕೈ ಅಡ್ಡ ಹಿಡಿದೆ, ಕೈಮೇಲೇ ಹೊಯ್ದ. ಬಾಗ್ದಾದ್ ಬರುವವರೆಗೂ ಕಣ್ಣು ಮುಚ್ಚಲಿಲ್ಲ.

ಡ್ಯಾಮಿನ ಊರು

ಬಾಗ್ದಾದಿನಿಂದ ಉತ್ತರಕ್ಕೆ ಹೋದಂತೆ ಮರಳು ಮುಗಿದು ಗುಡ್ಡ ಶುರುವಾಗುತ್ತದೆ, ಜನವೂ ಬದಲಾಗುತ್ತಾರೆ. ಗಂಡಸರು ಅಗಲ ಇಜಾರ ತೊಟ್ಟು ಸೊಂಟಕ್ಕೆ ಮಾರುದ್ದದ ಬಟ್ಟೆ ಸುತ್ತಿಕೊಂಡಿರುತ್ತಾರೆ. ಅವರೇ ಕುರ್ದರು. ಭಾಷೆ ಬೇರೆ, ಹಾಡು ಬೇರೆ. ಸಕ್ಕರೆಯ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಚಹಾ ಕುಡಿಯುತ್ತಾರೆ. ಬೆಲ್ಲ ಕಚ್ಚಿಕೊಂಡು ಕಾಫಿ ಕುಡಿಯುತ್ತಿದ್ದ ನನ್ನ ಅಪ್ಪನ ನೆನಪಾಗಿ ಅಲ್ಲೇ ಅವರ ಮೇಲೆ ನನಗೆ ಪ್ರೀತಿ ಹುಟ್ಟಿತು.

ತಮ್ಮ ಜೀಪು ತಂದಿದ್ದ. ದಾರಿಯುದ್ದಕ್ಕೂ ಮಿಲಿಟರಿ ಲಾರಿ, ಸೇತುವೆಗೊಂದು ಚೌಕಿ, ಗುಡ್ಡದ ತಲೆಯ ಮೇಲೆ ಫಿರಂಗಿ.

"ಎಂತದೋ ಇದು?" ಅಂದೆ.

"ಅಕ್ಕಾ, ನೀನು ಇಲ್ಲಿ ರಾಜಕೀಯ ಮಾತಾಡ್ಬ್ಯಾಡ. ದಮ್ಮಯ್ಯ."

"ಮಾತಾಡಲ್ಲ. ತಿಳ್ಕಳಕಾದ್ರೂ ಅಡ್ಡಿ ಇಲ್ವಲ್ಲ, ಹೇಳು."

ಅವನು ಮೆಲ್ಲಗೆ ಹೇಳಿದ್ದು ಇಷ್ಟು. ಈ ಕುರ್ದರ ನಾಡನ್ನು ಯಾರೋ ನಕ್ಷೆಯ ಮೇಲೆ ಗೀಟು ಎಳೆದು ಮೂರು ನಾಲ್ಕು ದೇಶಗಳಿಗೆ ಹಂಚಿಬಿಟ್ಟಿದ್ದಾರೆ. ನಮ್ಮ ನೆಲದಲ್ಲಿ ನಮ್ಮ ಆಡಳಿತ, ನಮ್ಮ ಮಾತಲ್ಲಿ ನಮ್ಮ ಶಾಲೆ ಅಂತ ಇಲ್ಲಿಯ ಕುರ್ದರು ಬಂದೂಕು ಹಿಡಿದು ಗುಡ್ಡ ಹತ್ತಿದ್ದಾರೆ. ಸರ್ಕಾರ ಅವರ ಮೇಲೆ ಸೈನ್ಯ ಬಿಟ್ಟಿದೆ. ಗಡಿಯಾಚೆ ಇರಾನು. ಬಂಡುಕೋರರಿಗೆ ಬಂದೂಕು ಕೊಡುವವರು ನೀವೇ ಅಂತ ಇವರು, ನಮ್ಮ ಗಡಿಯೊಳಗೆ ಗುಂಡು ಹಾರಿಸುತ್ತೀರಿ ಅಂತ ಅವರು. ಒಂದು ಹೊಳೆಯ ಆಚೆ ಈಚೆ ಎರಡು ದೇಶದ ಸೈನ್ಯ ಕಣ್ಣು ಕೆಕ್ಕರಿಸಿಕೊಂಡು ಕೂತಿದೆ. ಎರಡೂ ದಂಡೆಯಲ್ಲಿರುವ ಹಳ್ಳಿಗಳು ಮಾತ್ರ ಕುರ್ದರವೇ.

ಗಡಿ ಅಂದರೆ ನನಗೆ ಹೊಸದಲ್ಲ. ಮೊದಲು ನಮ್ಮ ಸಾಗರ ಮೈಸೂರು ಸೀಮೆ, ಪಕ್ಕದ ಸಿದ್ದಾಪುರ ಬೊಂಬಾಯಿ ಸೀಮೆ. ನನ್ನ ಅತ್ತೆಯನ್ನು ಸಿದ್ದಾಪುರದ ಕಡೆ ಕೊಟ್ಟಿತ್ತು. ರೇಷನ್ನಿನ ಕಾಲದಲ್ಲಿ ಹಬ್ಬಕ್ಕೆ ತವರಿನ ಅಕ್ಕಿ ಒಯ್ಯಬೇಕಾದರೆ ಅತ್ತೆ ಅದನ್ನು ಸೆರಗಿನೊಳಗೆ ಕಟ್ಟಿಕೊಂಡು ಬಸುರಿಯ ಹಾಗೆ ನಾಕಾ ದಾಟುತ್ತಿದ್ದಳು. ನಾಕಾದವನು "ಎಷ್ಟು ತಿಂಗಳಮ್ಮಾ?" ಅಂದರೆ "ನಿನ್ನ ಹೆಂಡ್ತೀನ ಕೇಳು" ಅನ್ನುತ್ತಿದ್ದಳಂತೆ. ನಮ್ಮ ಪುಣ್ಯ, ಆ ಗೀಟನ್ನು ಅಳಿಸಿದರು. ಇವರದ್ದನ್ನು ಅಳಿಸುವವರು ಯಾರೂ ಇರಲಿಲ್ಲ.

ಶಾರದೆ ಸುಖವಾಗಿ ಹೆತ್ತಳು. ಹೆಣ್ಣು ಮಗು. ತಲೆತುಂಬ ಕೂದಲು, ಅಳು ಮಾತ್ರ ನನ್ನ ಗಂಟಲು. ಈ ಗಂಟಲಿನ ಬಗ್ಗೆ ಇಲ್ಲೇ ಹೇಳಬೇಕು. ನಾನು ಶಾಲೆಯ ಜಗುಲಿಯಲ್ಲಿ ನಿಂತು ಹಾಜರಿ ಕೂಗಿದರೆ ಆಚೆ ದಿಬ್ಬದ ಮನೆಯಲ್ಲಿ ಮಲಗಿದ ಹುಡುಗ "ಬಂದೇ ಟೀಚರ್" ಅಂತ ಏಳುತ್ತಾನೆ.

ತೊಟ್ಟಿಲಿನ ಹಳ್ಳಿ

ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರು ಕರೆಯುವವಳು ಸೋದರತ್ತೆ, ಅಂದರೆ ನಾನು. ಕರೆಯೋಣ ಅಂದರೆ ತೊಟ್ಟಿಲೆಲ್ಲಿ? ಆ ಊರಿನ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಆಸ್ಪತ್ರೆಯ ಮಂಚದಂಥ ಕಬ್ಬಿಣದ್ದು.

"ಕಬ್ಬಿಣದಲ್ಲಿ ಮಗು ಮಲಗಿಸ್ತೀಯಾ? ಇದೇನು ಜೈಲಾ?" ಅಂದೆ.

"ಅತ್ತಿಗೆ, ಸೀರೆ ಕಟ್ಟಿ ಜೋಲಿ ಮಾಡಿದ್ರೆ ಸಾಕು ಬಿಡಿ" ಅಂದಳು ಶಾರದೆ.

ಆಗ ಬಾಗಿಲಲ್ಲಿ ನಿಂತಿದ್ದ ಡ್ರೈವರ್ ರಸೂಲ್ ಬಾಯಿಬಿಟ್ಟ. ರಸೂಲ್ ಕುರ್ದ, ಡ್ಯಾಮಿನವರ ಜೀಪು ಓಡಿಸುವವನು. ಹೆಂಡತಿ ಮಕ್ಕಳೊಂದಿಗ. ದೊಡ್ಡ ಮೀಸೆ, ಸಣ್ಣ ಮಾತು. ಹಿಂದೆ ಬಸ್ರಾ ಬಂದರಿನಲ್ಲಿ ಬೊಂಬಾಯಿಯ ಕೂಲಿಗಳ ಜೊತೆ ಇದ್ದು ಹಿಂದುಸ್ತಾನಿ ಕಲಿತಿದ್ದ. ನನ್ನ ಹಿಂದಿ ರಾಷ್ಟ್ರಭಾಷಾ ಪರೀಕ್ಷೆಯದ್ದು. ಇಬ್ಬರದ್ದೂ ತಪ್ಪು, ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು. ಗಡಿಯ ಹತ್ತಿರ ತನ್ನ ಹಳ್ಳಿಯಲ್ಲಿ ಆಕ್ರೋಟ ಮರದಲ್ಲಿ ತೊಟ್ಟಿಲು ಮಾಡುವ ಬಡಗಿ ಇದ್ದಾನೆ ಅಂದ.

ತಮ್ಮ ಬೇಡವೇ ಬೇಡ ಅಂದ. "ಆ ರಸ್ತೇಲಿ ಸೈನ್ಯ ಕೂತದೆ ಅಕ್ಕಾ. ಅಲ್ಲಿ ಬೆಂಕಿ ಹಾಕಂಗಿಲ್ಲ, ಸಿಳ್ಳೆ ಹೊಡಿಯಂಗಿಲ್ಲ, ಕಣಿವೇಲಿ ಕೂಗಂಗಿಲ್ಲ. ಎಲ್ಲದೂ ಸನ್ನೆ ಅಂತಾರೆ."

"ನಾನು ಸಿಳ್ಳೆ ಹೊಡಿಯಾಕೆ ಹೋಗ್ತಿಲ್ಲ, ತೊಟ್ಲು ತರಾಕೆ ಹೋಗ್ತಿದೀನಿ" ಅಂದೆ. ಬೆಳಿಗ್ಗೆ ಬಾಣಂತಿಗೂ ಮಗುವಿಗೂ ನೀರು ಹಾಕಿ, ಸ್ವೆಟರಿನ ಮೇಲೆ ತಮ್ಮನ ಕೋಟು ತೊಟ್ಟು ಜೀಪು ಹತ್ತಿದೆ.

ಹಳ್ಳಿ ಗುಡ್ಡದ ಮೈಗೆ ಅಂಟಿಕೊಂಡಿತ್ತು. ಕೆಳಮನೆಯ ತಾರಸಿಯೇ ಮೇಲಿನ ಮನೆಯ ಅಂಗಳ. ಹೆಂಗಸರು ನನ್ನ ಕುಂಕುಮ ಮುಟ್ಟಿ ನೋಡಿದರು, ಮದುವೆಯಾಗಿಲ್ಲ ಅಂದಾಗ ಅಯ್ಯೋ ಅನ್ನದೆ ಗೊಳ್ಳೆಂದು ನಕ್ಕರು. ಆ ನಗು ನನಗೆ ಇಷ್ಟವಾಯಿತು. ರೊಟ್ಟಿ, ಗಿಣ್ಣು, ಚಹಾ ಕೊಟ್ಟರು. ತಿಂದು ಎದ್ದು ನೋಡುತ್ತೇನೆ, ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಯನ್ನು ಯಾರೋ ಬೀದಿಯ ಕಡೆ ತಿರುಗಿಸಿ ಇಟ್ಟಿದ್ದಾರೆ. ಎದ್ದು ನಡೆ ಅಂತಲೇ? ನನಗೆ ಸಿಟ್ಟು ಬಂತು, ಮತ್ತೆ ಕೂತುಬಿಟ್ಟೆ. ಅದು ಅವರಲ್ಲಿ ಮರ್ಯಾದೆ, ಅತಿಥಿ ಬಗ್ಗಿ ತಿರುಗಿಸಿಕೊಳ್ಳಬಾರದು ಅಂತ ರಸೂಲ್ ವಿವರಿಸುವಷ್ಟರಲ್ಲಿ ಅವರು ಇನ್ನೊಂದು ಸುತ್ತು ರೊಟ್ಟಿ ತಂದಾಗಿತ್ತು.

ಹಳ್ಳಿಯ ಶಾಲೆ ನೋಡಬೇಕು ಅಂದೆ. ನೋಡಬಾರದಿತ್ತು. ಬಾಗಿಲಿಗೆ ಬೀಗ, ಕಿಟಕಿಯಲ್ಲಿ ಇಣುಕಿದರೆ ಒಳಗೆ ಮದ್ದುಗುಂಡಿನ ಪೆಟ್ಟಿಗೆಗಳು. ಕರಿಹಲಗೆಗೆ ಯಾವನೋ ಸಿಪಾಯಿ ಒದ್ದೆ ಕೋಟು ನೇತುಹಾಕಿದ್ದ. ಮೇಷ್ಟ್ರು ಓಡಿಹೋಗಿದ್ದಾನೆ, ಇದ್ದಾಗಲೂ ಮಕ್ಕಳಿಗೆ ತಿಳಿಯದ ಅರಬಿಯಲ್ಲೇ ಪಾಠ ಅಂದ ರಸೂಲ್. ನನ್ನ ಮೈ ಉರಿದುಹೋಯಿತು. ಕರಿಹಲಗೆಗೆ ಕೋಟು ನೇತುಹಾಕುವ ಸರ್ಕಾರದ ಮೇಲೆ ನನಗೆ ಅವತ್ತಿಂದ ಒಂದು ಚೂರೂ ಗೌರವ ಉಳಿದಿಲ್ಲ.

ತೊಟ್ಟಿಲು ಮಾತ್ರ ಅಪರಂಜಿಯಂಥದು. ಜೀಪಿನ ಹಿಂದೆ ಕಟ್ಟಿಕೊಂಡು ಹೊರಟೆವು.

ಮಂಜಿನ ತಿರುವು

ಹಳ್ಳಿಯಿಂದ ಇಳಿಯುವ ದಾರಿ ಗಡಿಯ ಹೊಳೆಯ ಪಕ್ಕದಲ್ಲೇ ಬರುತ್ತದೆ. ಹೊಳೆ ಅಂದರೆ ಎಂಥ ಹೊಳೆ! ವರದಾಮೂಲದಲ್ಲಿ ಹುಟ್ಟಿ ಸ್ವಲ್ಪ ದೂರ ಹರಿದ ವರದೆಯಷ್ಟೂ ಅಗಲವಿಲ್ಲ. ಮಧ್ಯಾಹ್ನವೇ ಮಂಜು ಇಳಿದು ದಾರಿ ಕಾಣದಾಯಿತು. ರಸೂಲ್ ಜೀಪು ನಿಲ್ಲಿಸಿ, ಗಾಜು ಒರೆಸಿ, ರೇಡಿಯೇಟರಿಗೆ ನೀರು ಹಾಕತೊಡಗಿದ. ನಾನು ಕಾಲು ಬಿಡಿಸಿಕೊಳ್ಳಲು ಇಳಿದೆ.

ಆಗ ಹೊಳೆಯಾಚೆಯಿಂದ ಒಂದು ಕೂಗು ಬಂತು. ಮಾತಿಲ್ಲ, ಬರೀ ಉದ್ದನೆಯ ಕೂಗು. ನಮ್ಮ ಕಾಡುದಾರಿಯಲ್ಲಿ ದಿಕ್ಕು ತಪ್ಪಿದವರು ಹಾಕುವ ಕೂ ಇದೆಯಲ್ಲ, ಥೇಟು ಅದೇ.

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬಯಲುಸೀಮೆಯವರಿಗಾಗಿ ಹೇಳುತ್ತೇನೆ. ಕಾಡಿನಲ್ಲಿ, ಮಂಜಿನಲ್ಲಿ ಯಾರಾದರೂ ಕೂ ಹಾಕಿದರೆ ಕೇಳಿಸಿಕೊಂಡವರು ಕೂ ಅಂತ ಓಗೊಡಲೇಬೇಕು. ಅವರು ಶತ್ರುವಾಗಿರಲಿ, ಜಾತಿ ಯಾವುದೇ ಇರಲಿ, ಆ ಸದ್ದು ಹಿಡಿದು ಅವರು ದಾರಿಗೆ ಬರುತ್ತಾರೆ. ಆದರೆ ಮೊದಲ ಕೂಗಿಗೆ ಬಾಯಿ ಬಿಡಬಾರದು. ದೆವ್ವ ಒಂದೇ ಸಲ ಕರೆಯುತ್ತದೆ, ಮನುಷ್ಯರು ಮತ್ತೆ ಕರೆಯುತ್ತಾರೆ. ಹಾಗಾಗಿ ನಾನು ಕಾದೆ. ಮತ್ತೆ ಕೂಗು ಬಂತು. ದೆವ್ವವಲ್ಲ ಅಂತ ಖಾತ್ರಿಯಾಯಿತು. ಎರಡೂ ಕೈ ಬಾಯಿಗೆ ಹಿಡಿದು, ಎದೆ ತುಂಬ ಉಸಿರೆಳೆದು ಹಾಕಿದೆ: "ಕೂ...!"

ರಸೂಲನ ಕೈಯಿಂದ ನೀರಿನ ಡಬ್ಬಿ ಬಿತ್ತು.

ತಮ್ಮ ಹೇಳಿದ್ದು ನೆನಪಿರಲಿಲ್ಲವಾ ಅಂತ ಆಮೇಲೆ ಎಲ್ಲರೂ ಕೇಳಿದರು. ಓಗೊಡುವುದನ್ನು ಯಾರಾದರೂ ಯೋಚಿಸಿ ಮಾಡುತ್ತಾರೇನ್ರಿ? ಸೀನು ಬಂದರೆ ಯೋಚಿಸಿ ಸೀನುತ್ತೀರಾ?

ಮಂಜಿನೊಳಗೆ ನಮಗೆ ಕಾಣದೆ, ತಿರುವಿನ ಮೇಲೇ ಒಂದು ಚೌಕಿ ಇತ್ತು. ಸಿಪಾಯಿಗಳು ದಡದಡ ಇಳಿದು ಬಂದರು. ನನ್ನನ್ನು ನೋಡಿ ಬೆಪ್ಪಾದರು. ಸೀರೆ, ಗಂಡಸಿನ ಕೋಟು, ಹಣೆಯಲ್ಲಿ ಕುಂಕುಮ. ಕೂಗಿದ್ದು ನಾನು ಅಂತ ನಾನೇ ಎದೆ ತಟ್ಟಿಕೊಂಡು ಹೇಳಿದೆ. ಆದರೂ ಅವರು ಹಿಡಿದದ್ದು ರಸೂಲನನ್ನು. ಒಬ್ಬ ಎಳೆಯ ಸಿಪಾಯಿ ಅವನ ಮುಖಕ್ಕೆ ಬಂದೂಕಿನ ಹಿಡಿ ಎತ್ತಿದ. ನಾನು ಹೋಗಿ ಆ ಸಿಪಾಯಿಯ ಮುಂಗೈ ಹಿಡಿದೆ. ಗಟ್ಟಿಯಾಗೇ ಹಿಡಿದೆ, ಗದ್ದೆ ನಟ್ಟಿ ಮಾಡಿದ ಕೈ ಇದು. ಅವನು ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಊರಿನ ಕೆನ್ನೆ ಕಥೆ ಹುಟ್ಟಿದ್ದು ಇದರಿಂದಲೇ ಇರಬೇಕು.

ಚೌಕಿ

ಚೌಕಿಯ ಕೋಣೆಯಲ್ಲಿ ನಮ್ಮನ್ನು ಕೂರಿಸಿ, ಕಾವಲಿಗೆ ಒಬ್ಬ ಮುದಿ ಸಿಪಾಯಿಯನ್ನೂ ಆ ಎಳೆಯನನ್ನೂ ಬಿಟ್ಟು, ಕ್ಯಾಪ್ಟನ್ನನ್ನು ಕರೆಯಲು ಹೋದರು. ತೊಟ್ಟಿಲನ್ನೂ ಒಳಗೆ ತಂದು ತಡಕಿದರು. ಎಳೆಯ ಸಿಪಾಯಿ ಬೇಸರಕ್ಕೆ ಅದನ್ನು ಕಾಲಲ್ಲಿ ತೂಗತೊಡಗಿದ.

"ಏಯ್, ಖಾಲಿ ತೊಟ್ಲು ತೂಗ್ಬ್ಯಾಡ! ಮಗೂಗೆ ಆಗಲ್ಲ!" ಅಂತ ಕನ್ನಡದಲ್ಲೇ ಗದರಿದೆ. ಅದೇ ಹೊತ್ತಿಗೆ ಮುದಿ ಸಿಪಾಯಿಯೂ ಅವನ ಕಾಲಿಗೆ ಒಂದು ಬಿಟ್ಟು ಅರಬಿಯಲ್ಲಿ ಬೈದ. ಅವರಲ್ಲೂ ತೂಗಬಾರದಂತೆ. ನಾನೂ ಅವನೂ ಮುಖ ಮುಖ ನೋಡಿಕೊಂಡೆವು.

ರಸೂಲ್ ನೆಲ ನೋಡುತ್ತಾ, ಹವೆಯ ವಿಷಯ ಮಾತಾಡುವವನ ಹಾಗೆ ಹಿಂದುಸ್ತಾನಿಯಲ್ಲಿ ಹೇಳಿದ: "ಟೀಚರ್ ಸಾಹೇಬಾ, ಮುಖದಲ್ಲಿ ಏನೂ ತೋರಿಸಬೇಡಿ. ಕೂಗಿದ್ದು ನನ್ನ ತಾಯಿ."

ನಾನು ತೊಟ್ಟಿಲಿನ ಮರ ನೋಡುವವಳ ಹಾಗೆ ಮುಖ ಬಗ್ಗಿಸಿದೆ.

ಅವನ ತಮ್ಮ ಬಂಡುಕೋರರ ಜೊತೆ ಗುಡ್ಡ ಹತ್ತಿದನಂತೆ. ಸೈನ್ಯ ಮನೆಗೆ ಬಂದಾಗ ತಾಯಿ ಉಟ್ಟ ಬಟ್ಟೆಯಲ್ಲೇ ಹೊಳೆ ದಾಟಿ ಆಚೆ ಇರಾನಿನ ಹಳ್ಳಿ ಸೇರಿದಳು. ರಸೂಲ್ ಹೆಂಡತಿ ಮಕ್ಕಳಿಗಾಗಿ ನೌಕರಿ ಹಿಡಿದುಕೊಂಡು ಈಚೆಗೇ ಉಳಿದ. ಅವನ ಜೀಪಿನ ಒಡಕು ಸದ್ದು ತಾಯಿಗೆ ಗೊತ್ತು. ಈ ದಾರಿಯಲ್ಲಿ ಅದು ಕೇಳಿದಾಗೆಲ್ಲ ದಂಡೆಗೆ ಬಂದು ಕೂಗುತ್ತಾಳೆ.

"ಮೂರು ಚಳಿಗಾಲ ಆಯಿತು. ಒಂದು ಸಲವೂ ನಾನು ಓಗೊಟ್ಟಿಲ್ಲ. ಓಗೊಟ್ಟರೆ ಇವರಿಗೆ ಗೊತ್ತಾಗುತ್ತದೆ. ಜೀಪು ಓಡಿಸುವವನು ನಾನೋ ಬೇರೆ ಯಾರೋ, ನಾನು ಸತ್ತಿದ್ದೇನೋ ಇದ್ದೇನೋ ಅಂತ ಅವಳಿಗೆ ಗೊತ್ತಿಲ್ಲ. ಇವತ್ತು ಯಾರೋ ಓಗೊಟ್ಟರು. ಅವಳು ಈಗ ಹೊಳೆಗೆ ಇಳಿಯುತ್ತಾಳೆ."



ಕ್ಯಾಪ್ಟನ್ ಬಂದ. ಚಿಕ್ಕ ಪ್ರಾಯದವನು, ನೀಟಾಗಿ ಕ್ಷೌರ ಮಾಡಿದ ಮುಖ, ನನ್ನದಕ್ಕಿಂತ ಒಳ್ಳೆಯ ಇಂಗ್ಲಿಷು. ಹೊಳೆಯಾಚೆಯ ಕೂಗು ಬಹಳ ದಿನದಿಂದ ಅವರಿಗೆ ಕೇಳುತ್ತಿದೆ, ಬಂಡುಕೋರರ ದೂತನೇ ಇರಬೇಕು ಅಂತ ಅವನ ಲೆಕ್ಕ.

"ಎರಡು ಕೂಗು, ಆಮೇಲೆ ಉತ್ತರ. ಇದು ಸನ್ನೆ."

"ಎರಡು ಕೂಗಿಗೆ ಕಾದದ್ದು ದೆವ್ವ ಹೌದೋ ಅಲ್ಲವೋ ತಿಳಿಯಲು" ಅಂದೆ.

"ಮೇಡಂ, ನೀವು ವಿದೇಶದವರು, ನಿಮ್ಮನ್ನು ಮನೆಗೆ ಕಳಿಸುತ್ತೇನೆ. ಡ್ರೈವರ್ ನಾಳೆ ಸುಲೇಮಾನಿಯಾದ ಜೈಲಿಗೆ ಹೋಗುತ್ತಾನೆ. ಅವನು ಬೇಕಾದರೆ ಒಂದು ದಾರಿ ಇದೆ. ಮತ್ತೆ ಕೂಗಿ. ಹೊಳೆ ದಾಟುವಲ್ಲಿ ನನ್ನವರು ಕೂತಿದ್ದಾರೆ. ಕೂಗಿದವನು ಬರಲಿ. ನಿರಪರಾಧಿಯಾದರೆ ಎಲ್ಲರನ್ನೂ ಬಿಡುತ್ತೇನೆ."

ಬಂಡುಕೋರನ ತಾಯಿಯನ್ನು ಯಾರು ನಿರಪರಾಧಿ ಅಂತ ಬಿಡುತ್ತಾರೆ?

ಮೊದಲು ಆಗುವುದಿಲ್ಲ ಅಂದೆ. ದಾರಿ ತಪ್ಪಿದವರಿಗೆ ದಾರಿ ತೋರಿಸುವ ಕೂಗು ಅದು. ನಮ್ಮ ಊರಿನ ಮಹಾ ಕಳ್ಳನೂ ಕೂ ಹಾಕಿ ಕರೆದು ಮೋಸ ಮಾಡಿದ್ದಿಲ್ಲ. ಆಮೇಲೆ ನನ್ನ ತಲೆಗೆ ಒಂದು ಹೊಳೆಯಿತು. ಸರಿ, ಕೂಗುತ್ತೇನೆ ಅಂದೆ. ಬಂದರಿನಲ್ಲಿ ಕಿವಿಗೆ ಬಿದ್ದ ಇಂಗ್ಲಿಷು ರಸೂಲನಿಗೂ ಅಷ್ಟಿಷ್ಟು ಗೊತ್ತಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ ನೋಟ ನನಗೆ ಈಗಲೂ ಚುಚ್ಚುತ್ತದೆ. ಅವನಿಗೆ ಸಮಾಧಾನ ಹೇಳುವ ಹಾಗಿರಲಿಲ್ಲ.

ಹೊರಗೆ ಕಟ್ಟೆಯ ತುದಿಯಲ್ಲಿ ನಿಲ್ಲಿಸಿದರು. ಕೆಳಗೆ ಹಾಲು ಚೆಲ್ಲಿದ ಹಾಗೆ ಮಂಜು. ನಾನು ಕೂ ಹಾಕಲಿಲ್ಲ. ನಮ್ಮ ಕಡೆ ಹುಲಿ ಇಳಿದಾಗ, ಗುಡ್ಡದಲ್ಲಿ ದನ ಕಾಯುವವರಿಗೆ ಕೂಗುತ್ತೇವಲ್ಲ, ಎದೆ ಒಡೆದ ಹಾಗೆ, ತುಂಡು ತುಂಡಾಗಿ, ಆ ಧಾಟಿಯಲ್ಲಿ ಕೂಗಿದೆ:

"ಬರಬ್ಯಾಡ್ರೇ ಅಮ್ಮಾ! ಬರಬ್ಯಾಡಿ! ಇಲ್ಲಿ ಬಂದೂಕು ಹಿಡ್ಕಂಡು ಕೂತಿದಾರೆ! ನಿಮ್ಮ ಮಗ ಬದುಕಿದಾನೆ! ಓಡಿ! ವಾಪಸ್ ಓಡಿ!"

ಆ ತಾಯಿಗೆ ಕನ್ನಡ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಹೆದರಿಕೆಯ ಕೂಗು ದನಕ್ಕೂ ತಿಳಿಯುತ್ತದೆ. ಕೂಗಿ ಕೂಗಿ ಗಂಟಲಲ್ಲಿ ರಕ್ತದ ರುಚಿ ಬಂತು. ಆಮೇಲೆ ಎಲ್ಲರೂ ಕಿವಿಗೊಟ್ಟು ನಿಂತೆವು. ಕಣಿವೆ ಮೌನ. ಒಂದು ಕಲ್ಲು ಉರುಳಿದ ಸದ್ದೂ ಇಲ್ಲ. ಸಿಪಾಯಿಗಳ ಕಾಲು ಮರಗಟ್ಟುವವರೆಗೆ ಕಾದರೂ ಯಾರೂ ಬರಲಿಲ್ಲ.

"ಏನಂತ ಕೂಗಿದಿರಿ?" ಅಂದ ಕ್ಯಾಪ್ಟನ್.

"ಬನ್ನಿ ಅಂದೆ." ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ಪಾಠ ಮಾಡುವವಳು ನಾನು. ಇದೊಂದು ಸುಳ್ಳಿಗೆ ಯಾವ ದೇವರ ಮುಂದೆಯೂ ನಾನು ತಪ್ಪುಗಾಣಿಕೆ ಕಟ್ಟುವುದಿಲ್ಲ. "ಯಾರೂ ಬರಲಿಲ್ಲ ನೋಡಿ. ಆಚೆ ಯಾರೂ ಇಲ್ಲ ಅಂದ ಮೇಲೆ 'ಸನ್ನೆ' ಮಾಡಿದ್ದು ಯಾರಿಗೆ? ಗುಡ್ಡಕ್ಕಾ? ನನ್ನ ಡ್ರೈವರನ್ನು ಬಿಡಿ."

ಅವನ ಮುಖ ಕೆಂಪಾಯಿತು. "ನಿಮ್ಮನ್ನು ಬೇರೆ ಗಾಡಿಯಲ್ಲಿ ಕಳಿಸುತ್ತೇನೆ. ಅವನು ಇಲ್ಲೇ."

ನಾನು ತೊಟ್ಟಿಲನ್ನು ಎಳೆದುಕೊಂಡು ಬಂದು, ಚೌಕಿಯ ಬಾಗಿಲಿಗೆ ಅಡ್ಡ, ಹಿಮದ ಕೆಸರಲ್ಲಿ ಕೂತುಬಿಟ್ಟೆ. ಇದು ನನಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ. ಗೇಣಿ ಗಲಾಟೆಯ ಕಾಲದಲ್ಲಿ ಒಡೆಯರ ಗದ್ದೆಗೆ ನೇಗಿಲು ಹೂಡಿದ್ದಕ್ಕೆ ನನ್ನ ಅಪ್ಪನನ್ನು ಸಾಗರದ ಪೊಲೀಸರು ಎಳೆದೊಯ್ದಿದ್ದರು. ಅಮ್ಮ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಸ್ಟೇಷನ್ನಿನ ಎದುರೇ ಮೂರು ಕಲ್ಲಿಟ್ಟು ಗಂಜಿ ಬೇಯಿಸಲು ಕೂತಳು. ಹೊಗೆ ಒಳಗೆ ನುಗ್ಗಿ ದಫೇದಾರ ಕೆಮ್ಮುತ್ತಾ ಹೊರಗೆ ಬಂದ. "ಗಂಡ್ನ ಬಿಡಿ, ಒಲೆ ಆರಿಸ್ತೀನಿ" ಅಂದಳು. ಆ ಅಮ್ಮನ ಮಗಳು ನಾನು.

"ಏಳಿ" ಅಂದ ಕ್ಯಾಪ್ಟನ್.

"ಎತ್ಕಂಡು ಹೋಗಿ" ಅಂದೆ. ಇಂಗ್ಲಿಷಿನಲ್ಲೂ ಹೇಳಿದೆ. "ಅಲ್ಲಿ ಬಾಣಂತಿ ಕಾಯುತ್ತಿದ್ದಾಳೆ. ಅವಳಿಗೂ ಮಗುವಿಗೂ ನೀರು ಹಾಕಬೇಕು. ನಾನು ಡ್ರೈವರನ್ನು ಬಿಟ್ಟು ಹೋಗುವುದಿಲ್ಲ. ಹಾಗಾಗಿ ನೀವು ಹೋಗಿ ಹಾಕಿ ಬನ್ನಿ. ಎಣ್ಣೆ ಬಿಸಿ ಮಾಡಿ ಹಚ್ಚಬೇಕು. ಬೆನ್ನಿಗೆ ನೀರು ಜೋರಾಗಿ ಹೊಯ್ಯಬೇಕು, ಹೊಟ್ಟೆಗೆ ಮೆತ್ತಗೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳಲು ಬರುತ್ತದಾ ನಿಮಗೆ?"

ಎಳೆಯ ಸಿಪಾಯಿಗೆ ತುಸು ಇಂಗ್ಲಿಷು ಬರುತ್ತಿತ್ತೋ ಏನೋ, ಮುದುಕನ ಕಿವಿಯಲ್ಲಿ ಏನೋ ಉಸುರಿದ. ಮುದುಕ ನಗು ತಡೆಯಲಾರದೆ ಗೋಡೆಗೆ ಮುಖ ತಿರುಗಿಸಿದ. ಅವನ ಭುಜ ಕುಲುಕುವುದನ್ನು ಕ್ಯಾಪ್ಟನ್ ನೋಡಿದ. ನನ್ನನ್ನು ನೋಡಿದ, ತೊಟ್ಟಿಲನ್ನು ನೋಡಿದ.

"ನೀವು ಶಾಲೆಯಲ್ಲಿ ಪಾಠ ಮಾಡುತ್ತೀರಾ?"

"ಹೌದು."

"ಅಂದುಕೊಂಡೆ" ಅಂದ. "ಅವನನ್ನು ಕರೆದುಕೊಂಡು ಹೋಗಿ. ಈ ರಸ್ತೆಯಲ್ಲಿ ಮತ್ತೆ ನಿಮ್ಮ ಸದ್ದು ಕೇಳಿದರೆ ಇಬ್ಬರನ್ನೂ ಒಳಗೆ ಹಾಕುತ್ತೇನೆ."

"ನಿಮ್ಮ ಸಿಪಾಯಿಗಳಿಗೆ ಹೇಳಿ ಆ ಶಾಲೆಯ ಕರಿಹಲಗೆಯಿಂದ ಕೋಟು ತೆಗೆಸಿ" ಅಂತ ನಾನೂ ಒಂದು ಮಾತು ಹಾಕಿಯೇ ಜೀಪು ಹತ್ತಿದೆ.

ಇಳಿಜಾರು

ಸ್ವಲ್ಪ ದೂರ ಇಳಿದ ಮೇಲೆ ರಸೂಲನಿಗೆ, ನಾನು ಕೂಗಿದ್ದು ಏನು ಅಂತ ಹಿಂದಿಯಲ್ಲಿ ಹೇಳಿದೆ. 'ನಿಮ್ಮ ಮಗ ಬದುಕಿದ್ದಾನೆ' ಅನ್ನುವಲ್ಲಿಗೆ ಬಂದಾಗ ಅವನು ತೋಳಲ್ಲಿ ಮುಖ ಒರೆಸಿಕೊಂಡ.

ಕೆಳಗಿನ ತಿರುವಿನಲ್ಲಿ ಮಂಜು ತುಸು ಹರಿದಿತ್ತು. ಹೊಳೆ ಕಂಡಿತು. ಆಚೆ ದಂಡೆಯ ಬಂಡೆಗಳೂ ಕಂಡವು. ಬಂಡೆಗಳ ನಡುವೆ ಒಂದು ಕಪ್ಪು ಚುಕ್ಕೆ ಅಲ್ಲಾಡಿತು. ಮತ್ತೆ ಅದೇ ಕೂಗು ಬಂತು, ಈ ಸಲ ಬಳಲಿದ ಕೂಗು.

ಜೀಪು ನಿಂತಿತು. ರಸೂಲ್ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಹಿಂದೆ ಮೇಲ್ಗಡೆ ಚೌಕಿಯ ಬಾವುಟ ಕಾಣುತ್ತಿತ್ತು. ಕೂಗು ಅಂತ ಹೇಳಲು ನನಗೇನು ಹಕ್ಕು? ನಾನು ನಾಲ್ಕು ದಿನಕ್ಕೆ ಬಂದವಳು. ಜೈಲಿಗೆ ಹೋಗುವವನು ಅವನು, ಉಪವಾಸ ಬೀಳುವವರು ಅವನ ಹೆಂಡತಿ ಮಕ್ಕಳು. ಓಗೊಡಲು ನನ್ನ ಬಾಯಿ ತುರಿಸುತ್ತಿತ್ತು, ಆದರೆ ಈ ಕೂಗು ನನಗೆ ಬಂದದ್ದಲ್ಲ. ತುಟಿ ಕಚ್ಚಿಕೊಂಡೆ.

ಎರಡನೆಯ ಸಲ ಕೂಗು ಬಂತು.

ರಸೂಲ್ ಇಳಿದ. ರಸ್ತೆಯ ಅಂಚಿಗೆ ಹೋಗಿ ನಿಂತ. ಮೊದಲ ಸಲ ಬಾಯಿ ತೆರೆದರೆ ಸದ್ದೇ ಬರಲಿಲ್ಲ. ಆಮೇಲೆ ಎಲ್ಲಿತ್ತೋ ಆ ಗಂಟಲು, ಗುಡ್ಡಕ್ಕೆ ಗುಡ್ಡವೇ ತಿರುಗಿ ಕೂಗಿತು:

"ದಾಯೇ...!"

ಅವರ ಮಾತಲ್ಲಿ ಅಮ್ಮ ಅಂತ. ಆಚೆ ಕಪ್ಪು ಚುಕ್ಕೆ ಇದ್ದಲ್ಲೇ ಕುಸಿದು ಕೂತಿತು. ಮತ್ತೆ ಎದ್ದಿತು. ಈ ಸಲ ಅಲ್ಲಿಂದ ಬರಿಯ ಕೂಗು ಬರಲಿಲ್ಲ, ಅವನ ಹೆಸರು ಬಂತು.

ಮೇಲೆ ಚೌಕಿಯಲ್ಲಿ ಸೀಟಿ ಊದಿದರು. ಒಂದು ಗುಂಡು ಹಾರಿತು, ಎತ್ತರಕ್ಕೆ, ಆಕಾಶಕ್ಕೆ. ರಸೂಲ್ ತಿರುಗಿ ನನ್ನ ಮುಖ ನೋಡಿದ. ನಾನು ಜೀಪಿನಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೌಕಿಯ ಕಡೆ ಮುಖ ಮಾಡಿ ದಾರಿಗೆ ಅಡ್ಡ ನಿಂತೆ.

"ಬಂದ್ರೆ ಬರ್ಲಿ" ಅಂದೆ. "ನೀನು ಕೂಗು ರಸೂಲ್. ಇನ್ನೊಂದ್ಸಲ ಕೂಗು."